ಕೇಬಲ್ ಸ್ಟ್ರೀಟ್, 1936: ಫ್ಯಾಸಿಸ್ಟರ ಮೆರವಣಿಗೆಗೆ ಜನ ಅಡ್ಡ ನಿಂತದ್ದು ಸರಿಯೇ?

1936ರ ಅಕ್ಟೋಬರ್ 4, ಭಾನುವಾರ. ಲಂಡನ್ನಿನ ಪೂರ್ವ ಭಾಗ, ಅಂದರೆ ಈಸ್ಟ್ ಎಂಡ್. ಯಹೂದಿ ದರ್ಜಿಗಳು, ಐರಿಶ್ ಬಂದರು ಕೂಲಿಗಳು, ಹಡಗಿನ ಕೆಲಸಕ್ಕೆ ಬಂದು ಅಲ್ಲೇ ಉಳಿದ ನಾನಾ ದೇಶದವರು ಒತ್ತೊತ್ತಾಗಿ ಬದುಕುತ್ತಿದ್ದ ಕೇರಿಗಳು. ಅದರ ನಡುವೆಯೇ ಮೆರವಣಿಗೆ ಹೋಗುತ್ತೇವೆ ಅಂತ ಹೊರಟದ್ದು ಆಸ್ವಾಲ್ಡ್ ಮೋಸ್ಲಿ ಮತ್ತು ಅವನ ಬ್ರಿಟಿಷ್ ಯೂನಿಯನ್ ಆಫ್ ಫ್ಯಾಸಿಸ್ಟ್ಸ್ ಪಕ್ಷದ ಕರಿ ಅಂಗಿ ಪಡೆ. ಸರ್ಕಾರ ತಡೆಯಲಿಲ್ಲ. ಜನ ತಡೆದರು. ಹಾಗೆ ತಡೆದದ್ದು ಸರಿಯೇ? ಅದರಿಂದ ಏನಾದರೂ ಸಿಕ್ಕಿತೇ? ಕೆಳಗೆ ಎರಡು ಬರಹಗಳಿವೆ. ಬರೆದ ಇಬ್ಬರೂ ಮೋಸ್ಲಿಯ ಅಭಿಮಾನಿಗಳಲ್ಲ, ಅದನ್ನು ಮೊದಲೇ ಹೇಳಿಬಿಡೋಣ. ಜಗಳ ಇರೋದು ದಾರಿಯ ಬಗ್ಗೆ.

ಪರ: ಮನೆ ಬಾಗಿಲಿಗೇ ಬಂದಾಗ ಇನ್ನೆಲ್ಲಿ ನಿಲ್ಲಬೇಕಿತ್ತು?

ಕೇಬಲ್ ಸ್ಟ್ರೀಟ್ ಅಂದ ಕೂಡಲೇ ಎಲ್ಲರೂ ಕಲ್ಲು, ದೊಣ್ಣೆ, ಕುದುರೆ ಅಂತ ಶುರು ಮಾಡುತ್ತಾರೆ. ನಾನು ಅರ್ಜಿಯಿಂದ ಶುರು ಮಾಡುತ್ತೇನೆ. ಯಾಕಂದ್ರೆ ಆ ಜನ ಶುರು ಮಾಡಿದ್ದೂ ಅಲ್ಲಿಂದಲೇ.

ಮೆರವಣಿಗೆಯ ಸುದ್ದಿ ಬಂದ ಮೇಲೆ ಯಹೂದಿ ಪೀಪಲ್ಸ್ ಕೌನ್ಸಿಲ್ ಅನ್ನೋ ಸಂಘಟನೆಯವರು ಮನೆ ಮನೆ, ಅಂಗಡಿ ಅಂಗಡಿ ತಿರುಗಿ ಸಹಿ ಹಾಕಿಸಿದರು. ಕೆಲವೇ ದಿನಗಳಲ್ಲಿ ಸುಮಾರು 1 ಲಕ್ಷ ಸಹಿ. ಯಹೂದಿಗಳದ್ದು ಮಾತ್ರ ಅಲ್ಲ, ಕ್ರೈಸ್ತರದ್ದೂ ಇತ್ತು. ಅದನ್ನು ತಗೊಂಡು ಹೋಗಿ ಗೃಹಮಂತ್ರಿಗೆ ಕೊಟ್ಟರು. ಈಸ್ಟ್ ಎಂಡ್‌ನ ಮೇಯರ್‌ಗಳೂ ಹೋಗಿ ಹೇಳಿದರು, ಇದು ಬೇಡ, ಗಲಾಟೆ ಆಗುತ್ತದೆ ಅಂತ. ಗೃಹಮಂತ್ರಿ ಆಗೋದಿಲ್ಲ ಅಂದರು.

ಈ ಗೃಹಮಂತ್ರಿ ಯಾರು ಗೊತ್ತಾ? ಸರ್ ಜಾನ್ ಸೈಮನ್. ಹೌದು, ಅದೇ ಸೈಮನ್. ಶಾಲೆಯ ಇತಿಹಾಸ ಪುಸ್ತಕದಲ್ಲಿ ‘ಸೈಮನ್ ಗೋ ಬ್ಯಾಕ್’ ಅಂತ ಓದಿದೆವಲ್ಲ, ಆ ಆಯೋಗದ ಸೈಮನ್. 1928ರಲ್ಲಿ ಅವರ ವಿರುದ್ಧ ಲಾಹೋರಿನಲ್ಲಿ ಬೀದಿಗಿಳಿದವರ ಮೇಲೆ ಲಾಠಿ ಬಿತ್ತು. ಲಾಲಾ ಲಜಪತ್ ರಾಯ್ ಆ ಏಟು ತಿಂದು ಮೂರು ವಾರ ಕಳೆಯುವುದರೊಳಗೆ ತೀರಿಕೊಂಡರು. ಭಾರತದಲ್ಲಿ ನಾಲ್ಕು ಜನ ಸೇರಿದರೆ 144ನೇ ಸೆಕ್ಷನ್ ಹಾಕುತ್ತಿದ್ದ ಸಾಮ್ರಾಜ್ಯಕ್ಕೆ, ತನ್ನದೇ ರಾಜಧಾನಿಯಲ್ಲಿ ಕರಿ ಅಂಗಿಯವರು ಎರಡು ಮೂರು ಸಾವಿರ ಜನ ಸಾಲುಗಟ್ಟಿದಾಗ ಮಾತ್ರ ಪ್ರಜೆಗಳ ಸ್ವಾತಂತ್ರ್ಯ ನೆನಪಾಯಿತು. ಇದನ್ನು ಸುಮ್ನೆ ಕಾಕತಾಳೀಯ ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ. ಕಾನೂನು ಎಲ್ಲರಿಗೂ ಒಂದೇ ಅನ್ನೋರು ಯಾವ ಊರಿನಲ್ಲಿ, ಯಾರಿಗೆ ಅಂತಲೂ ಹೇಳಬೇಕು.

ಇನ್ನು ಆ ಮೆರವಣಿಗೆ ಎಂಥದ್ದು ನೋಡೋಣ. ಮೋಸ್ಲಿ ಸಾಮಾನ್ಯ ಭಾಷಣಕಾರ ಅಲ್ಲ. ಮೊದಲು ಕನ್ಸರ್ವೇಟಿವ್ ಸಂಸದ, ಆಮೇಲೆ ಲೇಬರ್ ಸರ್ಕಾರದಲ್ಲಿ ಮಂತ್ರಿ, 1932ರಲ್ಲಿ ಸ್ವಂತ ಫ್ಯಾಸಿಸ್ಟ್ ಪಕ್ಷ. ಮುಸೊಲಿನಿಯಿಂದ ದುಡ್ಡೂ ಬರುತ್ತಿತ್ತು. 1934ರ ಜೂನ್ 7ರಂದು ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಅವನ ದೊಡ್ಡ ಸಭೆ ಆಯಿತು. ನಡುವೆ ಎದ್ದು ಕೂಗಿದವರ ಮೇಲೆ ದೀಪದ ಬೆಳಕು ಬಿಡುವುದು, ಮೋಸ್ಲಿ ಮಾತು ನಿಲ್ಲಿಸುವುದು, ಕರಿ ಅಂಗಿಯ ಸ್ವಯಂಸೇವಕರು ಅವರನ್ನು ಎಳೆದುಕೊಂಡು ಹೋಗಿ ಎಲ್ಲರ ಮುಂದೆಯೇ ಬಡಿಯುವುದು. ಅದೇ ವರ್ಷದ ಜನವರಿಯಲ್ಲಿ ‘ಕರಿ ಅಂಗಿಗಳಿಗೆ ಜೈ’ ಅನ್ನೋ ಧಾಟಿಯಲ್ಲಿ ಬರೆದಿದ್ದ ಡೈಲಿ ಮೇಲ್ ಪತ್ರಿಕೆ ಕೂಡ ಆ ಸಭೆಯ ನಂತರ ಮೆಲ್ಲಗೆ ಹಿಂದೆ ಸರಿಯಿತು. ಆಮೇಲೆ ಮೋಸ್ಲಿ ಬಹಿರಂಗವಾಗಿ ಯಹೂದಿಗಳ ಮೇಲೆ ತಿರುಗಿಬಿದ್ದ. 1935-36ರ ಹೊತ್ತಿಗೆ ಈಸ್ಟ್ ಎಂಡ್‌ನಲ್ಲಿ ಅಂಗಡಿ ಗಾಜು ಒಡೆಯೋದು, ಗೋಡೆ ಮೇಲೆ ಬೈಗುಳ ಬರೆಯೋದು, ಒಂಟಿಯಾಗಿ ಸಿಕ್ಕ ಯಹೂದಿ ಹುಡುಗನಿಗೆ ಹೊಡೆಯೋದು ಮಾಮೂಲಾಗಿತ್ತು.

ಈಗ ಅದೇ ಪಡೆ ಹೊಸ ಸಮವಸ್ತ್ರ, ತೋಳಿಗೆ ಮಿಂಚಿನ ಗುರುತಿನ ಪಟ್ಟಿ, ಬೂಟು ತೊಟ್ಟು ನಿಮ್ಮ ಕೇರಿಯ ಒಳಗೇ ಬರುತ್ತದೆ ಅಂದರೆ ಅದನ್ನು ಭಾಷಣ ಅನ್ನೋದಾ? ಭಾಷಣ ಬೇಕಾದರೆ ಮೋಸ್ಲಿಗೆ ಸಭಾಂಗಣ ಇತ್ತು, ಪತ್ರಿಕೆ ಇತ್ತು, ದುಡ್ಡಿತ್ತು. ಕೇಳಲು ಇಷ್ಟ ಇರೋರು ಹೋಗಿ ಕೇಳಬಹುದಿತ್ತು. ಮೆರವಣಿಗೆ ಬೇರೆ. ಅದು ಯಾರನ್ನೂ ಒಪ್ಪಿಸಲು ಬರೋದಿಲ್ಲ. ಈ ಬೀದಿ ಇವತ್ತಿನಿಂದ ನಮ್ಮದು, ನೀವು ಕಿಟಕಿ ಮುಚ್ಚಿಕೊಂಡು ಒಳಗಿರಿ, ಅಂತ ತೋರಿಸಿ ಹೋಗಲು ಬರುತ್ತದೆ. ಆ ಕೇರಿಯಲ್ಲಿ ಎಷ್ಟೋ ಮನೆಗಳ ಹಿರಿಯರು ರಷ್ಯಾದ ಯಹೂದಿ ಹತ್ಯಾಕಾಂಡಗಳಿಂದ ತಪ್ಪಿಸಿಕೊಂಡು ಬಂದವರು. ಕಿಟಕಿ ಮುಚ್ಚಿಕೊಂಡು ಕೂತರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಆದರೂ ಹೇಳಿದರು. ಯಹೂದಿಗಳ ಅಧಿಕೃತ ಸಂಸ್ಥೆ ಬೋರ್ಡ್ ಆಫ್ ಡೆಪ್ಯುಟೀಸ್, ಮನೆಯಲ್ಲೇ ಇರಿ ಅಂತ ಹೇಳಿತು. ಲೇಬರ್ ಪಕ್ಷದ ಹಿರಿಯ ಜಾರ್ಜ್ ಲ್ಯಾನ್ಸ್‌ಬರಿ, ಅವರೇನೂ ಕೆಟ್ಟ ಮನುಷ್ಯ ಅಲ್ಲ, ಪಕ್ಕಾ ಶಾಂತಿವಾದಿ, ಅವರೂ ದೂರ ಇರಿ ಅಂದರು. ಕಮ್ಯುನಿಸ್ಟ್ ಪಕ್ಷದ ನಾಯಕರೂ ಶುರುವಿನಲ್ಲಿ ಆ ದಿನ ಟ್ರಾಫಲ್ಗರ್ ಚೌಕದಲ್ಲಿ, ಅಂತರ್ಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದ ಸ್ಪೇನಿನ ಸರ್ಕಾರದ ಪರ ಸಭೆ ಮಾಡೋಣ ಅಂತಿದ್ದರು. ಕೆಳಗಿನ ಕಾರ್ಯಕರ್ತರ ಸಿಟ್ಟು ನೋಡಿ ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸಿದರು. ಹಾಗಾಗಿ ಆವತ್ತಿನ ಜನಸಾಗರವನ್ನು ಯಾವುದೋ ಪಕ್ಷ ಕರೆತಂದಿತು ಅನ್ನೋದು ಅರ್ಧ ಸತ್ಯ. ಜನ ಮುಂದೆ ಹೋದರು, ನಾಯಕರು ಹಿಂದೆ ಓಡಿದರು.

ಎಷ್ಟು ಜನ? ಕಡಿಮೆ ಹೇಳೋರು ಕೆಲವು ಹತ್ತು ಸಾವಿರ ಅಂತಾರೆ, ಜಾಸ್ತಿ ಹೇಳೋರು ಮೂರು ಲಕ್ಷ ಅಂತಾರೆ. ಮೆರವಣಿಗೆಗೆ ದಾರಿ ಬಿಡಿಸಲು 6,000ಕ್ಕೂ ಹೆಚ್ಚು ಪೊಲೀಸರು ಬಂದಿದ್ದರು, ಲಂಡನ್ನಿನ ಕುದುರೆ ಪೊಲೀಸರು ಹೆಚ್ಚು ಕಡಿಮೆ ಪೂರ್ತಿ ಅಲ್ಲೇ ಇದ್ದರು, ಮೇಲೆ ಹೆಲಿಕಾಪ್ಟರ್ ಬರುವುದಕ್ಕೆ ಮುಂಚಿನ ಕಾಲದ ಆಟೋಜೈರೋ ಹಾರಾಡುತ್ತಿತ್ತು. ಇಷ್ಟು ಬಂದೋಬಸ್ತ್ ಬೇಕಾಯಿತು ಅಂದಮೇಲೆ ಎದುರಿಗಿದ್ದವರು ಎಷ್ಟಿರಬಹುದು ಅಂತ ನೀವೇ ಊಹಿಸಿ.

ಆಲ್ಡ್‌ಗೇಟ್ ಹತ್ತಿರದ ಗಾರ್ಡಿನರ್ಸ್ ಕಾರ್ನರ್ ಅನ್ನೋ ಕೂಡುರಸ್ತೆಯಲ್ಲಿ ಒಂದು ಟ್ರಾಮ್ ಬಂದು ನಿಂತಿತು. ಚಾಲಕ ಅದನ್ನು ರಸ್ತೆ ಮಧ್ಯದಲ್ಲೇ ಬಿಟ್ಟು ಇಳಿದು ಹೋದ. ಅವನೂ ಈ ಕಡೆಯವನೇ. ಟ್ರಾಮ್ ಅಂದರೆ ಪಕ್ಕಕ್ಕೆ ಸರಿಸಲು ಆಗೋದಿಲ್ಲ ನೋಡಿ, ಹಳಿಯ ಮೇಲಿನ ಗಾಡಿ. ಹಿಂದಿನವೂ ನಿಂತವು. ಮುಖ್ಯರಸ್ತೆ ಬಂದ್. ಆಗ ಪೊಲೀಸರ ಕಣ್ಣು ಬಿದ್ದದ್ದು ದಕ್ಷಿಣಕ್ಕಿರುವ ಕೇಬಲ್ ಸ್ಟ್ರೀಟ್ ಮೇಲೆ. ಕಿರಿದಾದ ಬೀದಿ, ಎರಡೂ ಕಡೆ ಅಂಗಡಿ, ಮೇಲೆ ಮನೆಗಳು. ಅಲ್ಲಿ ಲಾರಿ ಉರುಳಿಸಿ, ಹಲಗೆ, ಹಳೇ ಮಂಚ, ಕುರ್ಚಿ ಒಟ್ಟಿ ತಡೆ ಕಟ್ಟಿದ್ದರು. ಹುಡುಗರು ಕುದುರೆಗಳ ಕಾಲಡಿಗೆ ಗೋಲಿ ಚೆಲ್ಲಿದರು. ಹೆಂಗಸರು ಮೇಲಿನ ಕಿಟಕಿಗಳಿಂದ ಕಸ, ಕೊಳೆತ ತರಕಾರಿ, ರಾತ್ರಿಯ ಉಚ್ಚೆ ಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ಪೊಲೀಸರ ತಲೆ ಮೇಲೆ ಸುರಿದರು. ಕೆಲವು ಪೊಲೀಸರು ಕೈ ಎತ್ತಿ ಶರಣಾದರಂತೆ. ಶರಣಾದ ಪೊಲೀಸರನ್ನು ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲವಂತೆ. ಹೆಲ್ಮೆಟ್ ಕಿತ್ತುಕೊಂಡು ಮನೆಗೆ ಕಳಿಸಿದರಂತೆ.

ಅಲ್ಲಿ ತಡೆ ಕಟ್ಟಿದವರಲ್ಲಿ ಐರಿಶ್ ಬಂದರು ಕೂಲಿಗಳೂ ಇದ್ದರು. ಅವರಿಗೇನು ಗರಜು ಅನ್ನಿಸಬಹುದು. ಮೋಸ್ಲಿ ಅವರನ್ನು ಬೈಯುತ್ತಿರಲಿಲ್ಲ, ಬದಲಿಗೆ ಓಲೈಸುತ್ತಿದ್ದ. ಆದರೆ 1912ರಲ್ಲಿ ಬಂದರು ಮುಷ್ಕರ ಆಗಿ ಕೂಲಿಗಳ ಮನೆಯಲ್ಲಿ ಒಲೆ ಉರಿಯದಿದ್ದಾಗ, ಅವರ ಮಕ್ಕಳನ್ನು ಯಹೂದಿ ದರ್ಜಿ ಕುಟುಂಬಗಳು ಕರೆದುಕೊಂಡು ಹೋಗಿ ಸಾಕಿದ್ದವು. ಮುನ್ನೂರಕ್ಕೂ ಹೆಚ್ಚು ಮಕ್ಕಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಯಾರದೋ ಮನೆಯಲ್ಲಿ ಉಂಡ ಹುಡುಗರು ಈಗ ಗಟ್ಟಿ ಆಳುಗಳಾಗಿದ್ದರು.

ಕೊನೆಗೆ ಪೊಲೀಸ್ ಕಮಿಷನರ್ ಸರ್ ಫಿಲಿಪ್ ಗೇಮ್ ಮೋಸ್ಲಿಯನ್ನು ಕರೆದು, ಪೂರ್ವಕ್ಕೆ ಬೇಡ, ಪಶ್ಚಿಮಕ್ಕೆ ತಿರುಗು ಅಂದರು. ರಾಯಲ್ ಮಿಂಟ್ ಸ್ಟ್ರೀಟಿನಲ್ಲಿ ಗಂಟೆಗಟ್ಟಲೆ ನಿಂತಿದ್ದ ಕರಿ ಅಂಗಿಗಳು ನದಿ ದಂಡೆಯ ಖಾಲಿ ರಸ್ತೆಯಲ್ಲಿ ನಡೆದು ಚದುರಿದರು. ವರ್ಷ ಮುಗಿಯುವುದರೊಳಗೆ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ಬಂತು. 1937ರ ಜನವರಿ 1ರಿಂದ ರಾಜಕೀಯ ಸಮವಸ್ತ್ರ ನಿಷೇಧ, ಮೆರವಣಿಗೆ ತಡೆಯಲು ಪೊಲೀಸರಿಗೆ ಅಧಿಕಾರ. ಲಕ್ಷ ಸಹಿ ಮಾಡಲಾಗದ್ದನ್ನು ಒಂದು ಮಧ್ಯಾಹ್ನ ಮಾಡಿತು.

ಇದೆಲ್ಲ ಸರ್ಕಾರದ ಕೆಲಸ, ಜನರದ್ದಲ್ಲ ಅನ್ನೋ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಸರ್ಕಾರ ಆ ಕೆಲಸ ಮಾಡಿದಾಗ ಮಾತ್ರ. ಸಾವಿರಾರು ಪೊಲೀಸರನ್ನು ಕಳಿಸಿ ಮೆರವಣಿಗೆಗೆ ದಾರಿ ಬಿಡಿಸುವ ಸರ್ಕಾರ ಮಧ್ಯಸ್ಥ ಅಲ್ಲ, ಅದಾಗಲೇ ಒಂದು ಕಡೆ ಸೇರಿಬಿಟ್ಟಿದೆ. ಯುದ್ಧ ಮುಗಿದ ಮೇಲೂ ಇದೇ ಕಥೆ. 1946ರಲ್ಲಿ ಸೈನ್ಯದಿಂದ ಮರಳಿದ ಯಹೂದಿ ಯುವಕರು ನೋಡಿದರೆ ಮೋಸ್ಲಿಯ ಜನ ಲಂಡನ್ನಿನ ಮೂಲೆಗಳಲ್ಲಿ ಪೆಟ್ಟಿಗೆ ಹತ್ತಿ ಮತ್ತೆ ಅದೇ ಮಾತಾಡುತ್ತಿದ್ದರು. ಗ್ಯಾಸ್ ಚೇಂಬರುಗಳ ಫೋಟೋಗಳು ಪತ್ರಿಕೆಗಳಲ್ಲಿ ಬಂದು ವರ್ಷ ಆಗಿತ್ತು ಅಷ್ಟೇ. ಆಗಲೂ ಪೊಲೀಸರು ಭಾಷಣಕಾರನಿಗೇ ಕಾವಲು. ಆ ಯುವಕರು ‘43 ಗ್ರೂಪ್’ ಕಟ್ಟಿಕೊಂಡು ಸಭೆ ಸಭೆಗೂ ಹೋಗಿ ವೇದಿಕೆ ಉರುಳಿಸಿದರು.

ಹಾಗಂತ ಸಿಕ್ಕಿದವನನ್ನು ಮೂಲೆಗೆ ತಳ್ಳಿ ಬಡಿಯೋದಕ್ಕೆ ನನ್ನ ಬೆಂಬಲ ಇದೆ ಅಂದುಕೊಳ್ಳಬೇಡಿ. ನಾನು ಹೇಳುತ್ತಿರೋದು ಅಡ್ಡ ನಿಲ್ಲೋದರ ಬಗ್ಗೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪ್ರತಿ ಫೆಬ್ರವರಿಯಲ್ಲಿ ಯುರೋಪಿನಲ್ಲೇ ದೊಡ್ಡ ನವನಾಜಿ ಮೆರವಣಿಗೆ ಆಗುತ್ತಿತ್ತು. 2010ರ ಫೆಬ್ರವರಿ 13ರಂದು ಸಾವಿರಾರು ಜನ ಕೊರೆಯುವ ಚಳಿಯಲ್ಲಿ ರಸ್ತೆ ಮೇಲೆ ಕೂತುಬಿಟ್ಟರು. ಕೂತರು ಅಷ್ಟೇ. ನವನಾಜಿಗಳು ನಾಯ್‌ಸ್ಟಾಟ್ ರೈಲು ನಿಲ್ದಾಣದ ಮುಂದೆ ಸಂಜೆವರೆಗೆ ನಿಂತು ವಾಪಸ್ ಹೋದರು. ಮುಂದಿನ ವರ್ಷವೂ ಹಾಗೇ ಆಯಿತು. ಆಮೇಲೆ ಆ ಮೆರವಣಿಗೆ ಸೊರಗುತ್ತ ಹೋಯಿತು. ತಮಗೆ ಬೀದಿ ಸಿಗುತ್ತದೆ ಅನ್ನೋ ಖಾತ್ರಿ ಹೋದರೆ ಇಂಥ ಪಡೆಗಳ ಅರ್ಧ ಜನ ಮನೆಯಲ್ಲೇ ಉಳಿಯುತ್ತಾರೆ. ಬಲ ತೋರಿಸಲು ಬಂದವರಿಗೆ ಬಲ ಇಲ್ಲ ಅಂತ ಅವರ ಕಣ್ಣಿಗೇ ಕಾಣಬೇಕು.

ವಿರೋಧ: ಆ ಭಾನುವಾರ ಗೆದ್ದಿರಿ, ಮುಂದಿನ ಭಾನುವಾರ?

ಮೇಲಿನದನ್ನು ಓದಿದರೆ ರೋಮಾಂಚನ ಆಗುತ್ತದೆ, ನನಗೂ ಆಯಿತು. ಗೋಲಿ, ಟ್ರಾಮ್, ಕಿಟಕಿಯ ಹೆಂಗಸರು, 1912ರ ಮಕ್ಕಳು. ಕೇಬಲ್ ಸ್ಟ್ರೀಟ್‌ನಲ್ಲಿ ಈಗ ಗೋಡೆ ತುಂಬ ದೊಡ್ಡ ಚಿತ್ರ ಬರೆದಿದ್ದಾರೆ, 1983ರಲ್ಲಿ ಮುಗಿದದ್ದು. ಅದರಲ್ಲೂ ಇದೆಲ್ಲ ಇದೆ. ಚಿತ್ರದಲ್ಲಿ ಇಲ್ಲದಿರೋದು ಅಕ್ಟೋಬರ್ 11.

ಅದು ಮುಂದಿನ ಭಾನುವಾರ. ಸೋತು ಹೋದರು ಅಂತ ನಾವು ಅಂದುಕೊಂಡ ಮೋಸ್ಲಿಯ ಹುಡುಗರು ಗುಂಪು ಕಟ್ಟಿಕೊಂಡು ಮೈಲ್ ಎಂಡ್ ರಸ್ತೆಗೆ ನುಗ್ಗಿದರು. ಯಹೂದಿಗಳ ಅಂಗಡಿಗಳ ಗಾಜು ಪುಡಿ ಮಾಡಿದರು, ಸಿಕ್ಕವರಿಗೆ ಹೊಡೆದರು. ಒಬ್ಬ ಗಂಡಸನ್ನೂ ಒಂದು ಪುಟ್ಟ ಹುಡುಗಿಯನ್ನೂ ಅಂಗಡಿಯ ಗಾಜಿನ ಕಿಟಕಿಯೊಳಗೆ ಎತ್ತಿ ಎಸೆದರು. ಆವತ್ತು ಅಲ್ಲಿ ಲಕ್ಷ ಜನ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಅಲ್ವಾ? ಮೆರವಣಿಗೆಗೆ ಅಡ್ಡ ನಿಲ್ಲೋರು ಸಂಜೆ ಮನೆಗೆ ಹೋಗುತ್ತಾರೆ. ಅಂಗಡಿಯವನು ಅಲ್ಲೇ ಇರುತ್ತಾನೆ.

ಇನ್ನೊಂದು ವಿಷಯ ಪರ ಬರೆದವರು ಹಾಗೇ ದಾಟಿಸಿಬಿಟ್ಟರು. ಕೇಬಲ್ ಸ್ಟ್ರೀಟ್‌ನಲ್ಲಿ ಜನ ಹೊಡೆದಾಡಿದ್ದು ಫ್ಯಾಸಿಸ್ಟರ ಜೊತೆ ಅಲ್ಲ, ಪೊಲೀಸರ ಜೊತೆ. ಉಚ್ಚೆ ಬಿದ್ದದ್ದು ಪೇದೆಯ ತಲೆ ಮೇಲೆ. ಕರಿ ಅಂಗಿಗಳು ಅಷ್ಟು ದೂರದಲ್ಲಿ ಸಾಲಾಗಿ ನಿಂತಿದ್ದರು. ಸುಮಾರು 150 ಜನರ ಬಂಧನ ಆಯಿತು, ಬಹುಪಾಲು ತಡೆಯಲು ಬಂದವರೇ, ಕೆಲವರಿಗೆ ಕಠಿಣ ಸಜೆ. ಮೋಸ್ಲಿಗೆ ಏನಾಯಿತು? ಕಮಿಷನರ್ ತಿರುಗು ಅಂದರು, ತಿರುಗಿದ. ನೋಡಿ, ನಾವು ಕಾನೂನು ಪಾಲಿಸುವ ಸಭ್ಯರು, ಕೆಂಪು ಗೂಂಡಾಗಳಿಗೆ ಸರ್ಕಾರ ಹೆದರಿತು ಅಂತ ಹೇಳಿಕೊಳ್ಳುವ ಅವಕಾಶ ಪುಕ್ಕಟೆ ಸಿಕ್ಕಿತು. ಎರಡು ದಿನ ಬಿಟ್ಟು ಬರ್ಲಿನ್‌ಗೆ ಹೋಗಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಮನೆಯಲ್ಲಿ ಡಯಾನಾ ಮಿಟ್‌ಫರ್ಡ್‌ಳನ್ನು ಮದುವೆಯಾದ, ಹಿಟ್ಲರ್ ಅತಿಥಿ. ಸೋತು ಮೂಲೆ ಸೇರಿದವನ ಲಕ್ಷಣ ಇದಲ್ಲ.

ಈಸ್ಟ್ ಎಂಡ್‌ನಲ್ಲಿ ಆ ತಿಂಗಳು ಅವನ ಪಕ್ಷಕ್ಕೆ ಹೊಸ ಸದಸ್ಯರು ಜಾಸ್ತಿ ಆದರು, ಕಡಿಮೆ ಅಲ್ಲ. ಇದನ್ನು ಹೇಳಿದ್ದು ಮೋಸ್ಲಿಯ ಪತ್ರಿಕೆಯಷ್ಟೇ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ, ಪೊಲೀಸ್ ಗುಪ್ತಚರ ವಿಭಾಗದ ವರದಿಗಳೂ ಅದನ್ನೇ ಹೇಳಿದವು. ಐದು ತಿಂಗಳ ನಂತರ, 1937ರ ಮಾರ್ಚ್‌ನಲ್ಲಿ, ಲಂಡನ್ ಕೌಂಟಿ ಕೌನ್ಸಿಲ್ ಚುನಾವಣೆ. ಬೆತ್ನಲ್ ಗ್ರೀನ್‌ನ ಒಂದು ಕ್ಷೇತ್ರದಲ್ಲಿ ಫ್ಯಾಸಿಸ್ಟರಿಗೆ ಸುಮಾರು ಶೇ. 23 ಮತ ಬಂತು. ಸೀಟು ಒಂದೂ ಬರಲಿಲ್ಲ, ಸರಿ. ಆದರೆ ಅಲ್ಲಿ ಮತ ಇದ್ದದ್ದು ಮನೆ ತೆರಿಗೆ ಕಟ್ಟುವವರಿಗೆ ಮತ್ತು ಅವರ ಗಂಡ ಹೆಂಡತಿಯರಿಗೆ. ಮೋಸ್ಲಿಯ ಹಿಂದೆ ಹೋಗುತ್ತಿದ್ದ ಪಡ್ಡೆ ಹುಡುಗರಿಗೆ ಮತವೇ ಇರಲಿಲ್ಲ. ಲಕ್ಷ ಜನ ಸೇರಿ ತಿರಸ್ಕರಿಸಿದ ಪಕ್ಷಕ್ಕೆ ಅದೇ ಕೇರಿಗಳ ಪಕ್ಕದಲ್ಲಿ ನಾಲ್ಕರಲ್ಲಿ ಒಬ್ಬ ಮತ ಹಾಕುತ್ತಾನೆ ಅಂದರೆ, ತಿರಸ್ಕಾರ ಎಲ್ಲಿ ಮುಟ್ಟಬೇಕಿತ್ತೋ ಅಲ್ಲಿ ಮುಟ್ಟಿಲ್ಲ.

ಲಂಡನ್ ಬಿಡಿ. ಲಂಡನ್ನಿನಲ್ಲಿ ಅದೃಷ್ಟ ಚೆನ್ನಾಗಿತ್ತು, ಯಾರೂ ಸಾಯಲಿಲ್ಲ. ಜರ್ಮನಿಗೆ ಹೋಗೋಣ. ನಾಜಿಗಳನ್ನು ಬೀದಿಯಲ್ಲಿ ಎದುರಿಸಿದವರು ಅಲ್ಲಿ ಇರಲಿಲ್ಲವಾ? ಇದ್ದರು, ಲಂಡನ್ನಿನವರಿಗಿಂತ ಎಷ್ಟೋ ಪಾಲು ಜಾಸ್ತಿ, ಮತ್ತು ವರ್ಷಗಟ್ಟಲೆ. 1932ರ ಜುಲೈ 17ರ ಕಥೆ ಕೇಳಿ. ಹ್ಯಾಂಬರ್ಗ್ ಪಕ್ಕದ ಆಲ್ಟೋನಾ ಆಗ ಪ್ರಷ್ಯಾ ರಾಜ್ಯಕ್ಕೆ ಸೇರಿದ ಊರು. ಅಲ್ಲಿನ ಹಳೇ ಊರು ಕಮ್ಯುನಿಸ್ಟ್ ಕೂಲಿಗಳ ಕೇರಿ. ಹಿಂದಿನ ತಿಂಗಳಷ್ಟೇ ಜರ್ಮನಿಯ ಚಾನ್ಸಲರ್, ಅಂದರೆ ಪ್ರಧಾನಿ, ಫಾನ್ ಪಾಪೆನ್ ನಾಜಿಗಳ ಕಂದು ಅಂಗಿ ಪಡೆಯ ಮೇಲಿದ್ದ ನಿಷೇಧ ತೆಗೆದಿದ್ದ. ಸುಮಾರು 7,000 ಜನ ಕಂದು ಅಂಗಿಗಳು ಬೇಕಂತಲೇ ಆ ಕೇರಿಯೊಳಗೆ ಮೆರವಣಿಗೆ ತಂದರು. ಇಲ್ಲೂ ಜನ ಅಡ್ಡ ನಿಂತರು. ಹೊಡೆದಾಟ ಆಯಿತು, ಗುಂಡು ಹಾರಿತು, ಇಬ್ಬರು ಕಂದು ಅಂಗಿಗಳು ಸತ್ತರು. ಆಮೇಲೆ ಹ್ಯಾಂಬರ್ಗ್‌ನಿಂದ ಹೆಚ್ಚುವರಿ ಪೊಲೀಸರನ್ನು ತರಿಸಿದರು. ಅವರು ಬೀದಿ ಖಾಲಿ ಮಾಡಿಸುತ್ತ ಕಿಟಕಿಗಳತ್ತ, ಮಹಡಿಗಳತ್ತ ಗುಂಡು ಹಾರಿಸಿದರು. ಒಟ್ಟು 18 ಸಾವು. ಇಬ್ಬರು ನಾಜಿಗಳನ್ನು ಬಿಟ್ಟರೆ ಉಳಿದವರು ಆ ಕಡೆಯ ಜನ, ಹೆಚ್ಚಿನವರು ಪೊಲೀಸರ ಗುಂಡಿಗೆ ಬಲಿ.

ಇದಕ್ಕಿಂತ ಕೆಟ್ಟದ್ದು ಮೂರು ದಿನ ಬಿಟ್ಟು ಆಯಿತು. ಜುಲೈ 20ರಂದು ಪಾಪೆನ್, ನೋಡಿ ಪ್ರಷ್ಯಾದಲ್ಲಿ ಸುವ್ಯವಸ್ಥೆ ಕೆಟ್ಟಿದೆ, ಅಂತ ಇದೇ ಗಲಭೆಯ ನೆಪ ಹೇಳಿ ಅಲ್ಲಿನ ಸೋಶಿಯಲ್ ಡೆಮಾಕ್ರಟ್ ನೇತೃತ್ವದ ಸರ್ಕಾರವನ್ನು ಕಿತ್ತು ಹಾಕಿದ. ಜರ್ಮನಿಯ ಅತಿ ದೊಡ್ಡ ರಾಜ್ಯ, ಅದರ ಪೊಲೀಸ್ ಪಡೆ ಸಮೇತ, ಪ್ರಜಾಪ್ರಭುತ್ವದ ಪರ ಇದ್ದವರ ಕೈ ತಪ್ಪಿತು. ಆರು ತಿಂಗಳ ನಂತರ ಹಿಟ್ಲರ್ ಬಂದಾಗ ಆ ಪೊಲೀಸ್ ಪಡೆ ಹೆಚ್ಚು ಕಷ್ಟವಿಲ್ಲದೆ ಹಿಟ್ಲರನ ಬಲಗೈ ಗೋರಿಂಗ್ ಕೈಗೆ ಹೋಯಿತು. 1933ರ ಆಗಸ್ಟ್‌ನಲ್ಲಿ ಆಲ್ಟೋನಾ ಪ್ರಕರಣದ ಹೆಸರಲ್ಲಿ ನಾಲ್ವರು ಕಮ್ಯುನಿಸ್ಟರ ತಲೆ ಕಡಿದರು. ಆ ತೀರ್ಪು ರದ್ದಾದದ್ದು 1992ರಲ್ಲಿ.

ನಾಜಿಗಳನ್ನು ಅಧಿಕಾರಕ್ಕೆ ತಂದದ್ದು ಆಲ್ಟೋನಾದ ಕೂಲಿಗಳು ಅಂತ ನಾನು ಹೇಳುತ್ತಿಲ್ಲ. ಪಾಪೆನ್‌ಗೆ ಆ ನೆಪ ಸಿಗದಿದ್ದರೆ ಇನ್ನೊಂದು ಹುಡುಕುತ್ತಿದ್ದ. ಆದರೆ ಬೀದಿ ಕಾಳಗ ನಾಜಿಗಳಿಗೆ ನಷ್ಟ ಅನ್ನೋ ಲೆಕ್ಕ ಅಲ್ಲಿ ತಲೆಕೆಳಗಾಯಿತು. ಅವರಿಗೆ ಕಾಳಗವೇ ಬೇಕಿತ್ತು. ನಿಶ್ಶಬ್ದವಾಗಿ ಮೆರವಣಿಗೆ ಮುಗಿದರೆ ಅದು ಸುದ್ದಿಯೇ ಅಲ್ಲ. ಹೆಣ ಬಿದ್ದರೆ ಹುತಾತ್ಮ. 1930ರಲ್ಲಿ ಹೋರ್ಸ್ಟ್ ವೆಸೆಲ್ ಅನ್ನೋ ಇಪ್ಪತ್ತೆರಡರ ಕಂದು ಅಂಗಿ ಹುಡುಗ ಗುಂಡೇಟಿಗೆ ಸತ್ತ. ಬಾಡಿಗೆ ಮನೆಯ ಜಗಳವೂ ಸೇರಿಕೊಂಡಿದ್ದ ಕೊಲೆ ಅದು. ಗೊಬೆಲ್ಸ್ ಆ ಹೆಣದಿಂದ ಒಂದು ಪುರಾಣವನ್ನೇ ಕಟ್ಟಿದ. ಆ ಹುಡುಗ ಬರೆದ ಹಾಡು ಹಿಟ್ಲರನ ಕಾಲದಲ್ಲಿ ರಾಷ್ಟ್ರಗೀತೆಯ ಜೊತೆ ಕಡ್ಡಾಯವಾಯಿತು.

ಇನ್ನು ಹಕ್ಕಿನ ಪ್ರಶ್ನೆ. ಮೆರವಣಿಗೆ ಭಾಷಣ ಅಲ್ಲ, ಕೇರಿಯನ್ನು ಹೆದರಿಸುವ ಕೆಲಸ, ಹಾಗಾಗಿ ಕೇರಿಯ ಜನ ತಡೆಯಬಹುದು ಅಂತ ವಾದ. ಒಂದು ಕ್ಷಣ ಶಿಕಾಗೋಗೆ ಬನ್ನಿ. 1966ರ ಆಗಸ್ಟ್ 5ರಂದು ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿನ ಮಾರ್ಕೆಟ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯೊಳಗೆ ಮೆರವಣಿಗೆ ಒಯ್ದರು, ಕಪ್ಪು ಜನರಿಗೂ ಅಲ್ಲಿ ಮನೆ ಸಿಗಬೇಕು ಅಂತ. ಬಡಾವಣೆಯ ಸಾವಿರಾರು ಜನ ಅಡ್ಡ ಬಂದರು. ನಮ್ಮ ಕೇರಿ, ನಮ್ಮ ಬೀದಿ, ಇವರು ನಮ್ಮನ್ನು ಓಡಿಸಲು ಬಂದಿದ್ದಾರೆ ಅಂತಲೇ ಅವರೂ ಹೇಳಿದ್ದು. ಒಂದು ಕಲ್ಲು ಕಿಂಗ್ ತಲೆಗೆ ಬಡಿದು ಅವರು ಮಂಡಿಯೂರಿ ಕುಸಿದರು. ಕಿಂಗ್ ಸರಿ, ಮೋಸ್ಲಿ ತಪ್ಪು, ಅದು ನನಗೂ ಗೊತ್ತು ನಿಮಗೂ ಗೊತ್ತು. ಆದರೆ ಜಾಸ್ತಿ ಜನ ಸೇರಿದ ಕಡೆಯವರು ಬೀದಿ ಮುಚ್ಚಬಹುದು ಅನ್ನೋ ಪದ್ಧತಿ ಬಂದರೆ, ಅದು ಸರಿ ತಪ್ಪು ನೋಡೋದಿಲ್ಲ, ತಲೆ ಎಣಿಸುತ್ತದೆ. ಅಲ್ಪಸಂಖ್ಯಾತರಿಗೆ ಇದರಿಂದ ಲಾಭ ಆಗೋದು ಅಪರೂಪ. ಈಸ್ಟ್ ಎಂಡ್ ಯಹೂದಿಗಳಿಗೆ ಐರಿಶರು, ಕಮ್ಯುನಿಸ್ಟರು ಜೊತೆಯಾದರು. ಎಲ್ಲ ಕೇರಿಗೂ ಆ ಭಾಗ್ಯ ಇರೋದಿಲ್ಲ.

ಒಂದು ತಮಾಷೆ ಇದೆ. 1977ರಲ್ಲಿ ಶಿಕಾಗೋ ಪಕ್ಕದ ಸ್ಕೋಕಿ ಅನ್ನೋ, ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಎಷ್ಟೋ ಯಹೂದಿಗಳು ನೆಲೆಸಿದ್ದ ಊರಿನಲ್ಲಿ ಮೆರವಣಿಗೆ ಮಾಡುತ್ತೇವೆ ಅಂತ ಒಂದು ಪುಟಾಣಿ ನಾಜಿ ಗುಂಪು ಕೋರ್ಟಿಗೆ ಹೋಯಿತು. ಅವರ ಹಕ್ಕಿನ ಪರ ವಾದಿಸಿದ ವಕೀಲ ಸ್ವತಃ ಯಹೂದಿ, ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಕಡೆಯವರು. ಆ ಸಿಟ್ಟಿಗೆ ಸಂಸ್ಥೆಯನ್ನು ಸಾವಿರಾರು ಸದಸ್ಯರು ಬಿಟ್ಟುಹೋದರು. ಕೇಸು ಗೆದ್ದಮೇಲೆ ನಾಜಿಗಳು ಸ್ಕೋಕಿಗೆ ಹೋಗಲೇ ಇಲ್ಲ. 1978ರಲ್ಲಿ ಸಭೆ ಮಾಡಿದ್ದು ಅದೇ ಮಾರ್ಕೆಟ್ ಪಾರ್ಕ್‌ನಲ್ಲಿ.

ಕಾಯ್ದೆ ಬಂತಲ್ಲ ಅಂತ ಪರದವರು ಹೆಮ್ಮೆಪಟ್ಟರು. ಬಂತು. 1937ರ ಜೂನ್‌ನಲ್ಲಿ ಅದೇ ಕಾಯ್ದೆಯಡಿ ಈಸ್ಟ್ ಎಂಡ್‌ನಲ್ಲಿ ರಾಜಕೀಯ ಮೆರವಣಿಗೆಗಳನ್ನೇ ನಿಷೇಧಿಸಿ, ಮತ್ತೆ ಮತ್ತೆ ಅವಧಿ ವಿಸ್ತರಿಸಿದರು. ಮೋಸ್ಲಿಗಷ್ಟೇ ಅಲ್ಲ, ಎದುರಾಳಿಗಳಿಗೂ. ಅರ್ಧ ಶತಮಾನ ಕಳೆದು 1984-85ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಸಾವಿರಾರು ಕಾರ್ಮಿಕರ ಮೇಲೆ ಹಾಕಿದ ಕೇಸು ಇದೇ 1936ರ ಕಾಯ್ದೆಯ 5ನೇ ಸೆಕ್ಷನ್ನಿನದ್ದು. ಫ್ಯಾಸಿಸ್ಟರಿಗೆ ಅಂತ ಮಾಡಿಸಿಕೊಂಡ ಕೋಲು ಯಾರ ಬೆನ್ನಿಗೆ ಬಿತ್ತು ನೋಡಿ.

ಹಾಗಾದರೆ ಏನು ಮಾಡಬೇಕಿತ್ತು ಅಂತ ಕೇಳುತ್ತೀರಿ. ಅದನ್ನೂ ಈಸ್ಟ್ ಎಂಡ್‌ನವರೇ ಮಾಡಿ ತೋರಿಸಿದರು. ಫಿಲ್ ಪಿರಾಟಿನ್ ಅಲ್ಲಿನ ಕಮ್ಯುನಿಸ್ಟ್ ಸಂಘಟಕ, ಕೇಬಲ್ ಸ್ಟ್ರೀಟ್‌ನಲ್ಲೂ ಮುಂದೆ ಇದ್ದವರು. ಅದಕ್ಕೂ ಮುಂಚೆ ಮೋಸ್ಲಿಯ ಒಂದು ಮೆರವಣಿಗೆಯ ಹಿಂದೆ ಯಾರು ಹೋಗುತ್ತಿದ್ದಾರೆ ಅಂತ ನೋಡಲು ಹೋಗಿ, ಅಲ್ಲಿ ತಮ್ಮದೇ ಕೇರಿಯ ಬಡವರನ್ನು, ಕಾರ್ಮಿಕ ಸಂಘದ ಬಿಲ್ಲೆ ಹಾಕಿಕೊಂಡವರನ್ನು ಕಂಡು ಬೆಚ್ಚಿದರಂತೆ. ಇವರನ್ನು ಕಲ್ಲಿನಿಂದ ಗೆಲ್ಲೋಕೆ ಆಗೋದಿಲ್ಲ ಅಂತ ಗೊತ್ತಾಯಿತು. ಈಸ್ಟ್ ಎಂಡ್‌ನ ಸ್ಟೆಪ್ನಿ ಭಾಗದ ಮನೆಗಳು ಆಗ ಸೋರುವ ಮಾಡು, ತಿಗಣೆ, ಒಂದು ನಲ್ಲಿಗೆ ಹಲವು ಸಂಸಾರ. ಬಾಡಿಗೆ ಮಾತ್ರ ಏರುತ್ತಲೇ ಇತ್ತು. 1937ರಲ್ಲಿ ಪ್ಯಾರಗನ್ ಮ್ಯಾನ್ಷನ್ಸ್ ಅನ್ನೋ ಕಟ್ಟಡದಲ್ಲಿ ಎರಡು ಸಂಸಾರಗಳನ್ನು ಬಾಡಿಗೆ ಬಾಕಿಗೆ ಹೊರಹಾಕಲು ನೋಟಿಸ್ ಬಂತು. ವಿಚಾರಿಸಿದರೆ ಆ ಮನೆಯವರು ಮೋಸ್ಲಿ ಪಕ್ಷದ ಸದಸ್ಯರು. ಸಹಾಯ ಕೇಳಿ ತಮ್ಮ ಪಕ್ಷಕ್ಕೆ ಹೋದರೆ ಅಲ್ಲಿ ಕ್ಯಾರೇ ಅನ್ನಲಿಲ್ಲ. ಬಂದದ್ದು ಪಿರಾಟಿನ್ ಮತ್ತು ಅಕ್ಕಪಕ್ಕದ ಬಾಡಿಗೆದಾರರು. ಬಾಗಿಲಿಗೆ ಅಡ್ಡ ಕಟ್ಟಿ, ಮನೆ ಖಾಲಿ ಮಾಡಿಸಲು ಬಂದವರನ್ನು ವಾಪಸ್ ಕಳಿಸಿ, ಬಾಕಿ ತೀರಿಸಲು ಕಾಲಾವಕಾಶ ಕೊಡಿಸಿದರು. ಆ ಸಂಸಾರಗಳು ಮೋಸ್ಲಿ ಪಕ್ಷದ ಕಾರ್ಡು ಹರಿದು ಹಾಕಿದವು ಅಂತ ಪಿರಾಟಿನ್ ಮುಂದೆ ನೆನಪಿಸಿಕೊಂಡಿದ್ದಾರೆ. ಆಮೇಲೆ ಕೇರಿ ಕೇರಿಗೆ ಬಾಡಿಗೆದಾರರ ಸಂಘ, ಬಾಡಿಗೆ ಮುಷ್ಕರ. 1945ರಲ್ಲಿ ಮೈಲ್ ಎಂಡ್‌ನ ಜನ ಪಿರಾಟಿನ್‌ರನ್ನು ಸಂಸತ್ತಿಗೆ ಕಳಿಸಿದರು. ಈ ಎರಡು ಸಂಸಾರಕ್ಕೆ ಯಾರೂ ಗೋಡೆ ಚಿತ್ರ ಬರೆಯಲಿಲ್ಲ.

ಇನ್ನು ನಗಿಸಿ ಗೆದ್ದದ್ದೂ ಉಂಟು. ಬವೇರಿಯಾದ ವುನ್‌ಸೀಡೆಲ್ ಊರಿನಲ್ಲಿ ಹಿಟ್ಲರನ ಬಂಟ ರುಡಾಲ್ಫ್ ಹೆಸ್‌ನ ಸಮಾಧಿ ಇತ್ತು. 2011ರಲ್ಲಿ ಅದನ್ನು ತೆಗೆದರೂ ನವನಾಜಿಗಳು ಬರುವುದು ನಿಲ್ಲಲಿಲ್ಲ. 2014ರ ನವೆಂಬರ್‌ನಲ್ಲಿ ಊರವರು ಒಂದು ಉಪಾಯ ಮಾಡಿದರು: ಇವರು ನಡೆಯುವ ಒಂದೊಂದು ಮೀಟರಿಗೂ 10 ಯೂರೋ, ನವನಾಜಿ ಗುಂಪುಗಳಿಂದ ಹೊರಬರಲು ಬಯಸುವವರಿಗೆ ನೆರವಾಗುವ ಸಂಸ್ಥೆಗೆ ದೇಣಿಗೆ. ರಸ್ತೆ ಮೇಲೆ ಗೆರೆ ಎಳೆದು ಇಷ್ಟು ದುಡ್ಡಾಯಿತು ಅಂತ ಬರೆದರು, ದಾರಿಯಲ್ಲಿ ಬಾಳೆಹಣ್ಣು ಇಟ್ಟರು, ಕೊನೆಯಲ್ಲಿ ಬಣ್ಣದ ಕಾಗದ ಎರಚಿ ಧನ್ಯವಾದ ಹೇಳಿದರು. ನವನಾಜಿಗಳು ತಮ್ಮ ವಿರುದ್ಧವೇ 10,000 ಯೂರೋ ಸಂಗ್ರಹಿಸಿಕೊಟ್ಟು ಮನೆಗೆ ಹೋದರು.

ಡ್ರೆಸ್ಡೆನ್‌ನಲ್ಲಿ ಕೂತವರ ಬಗ್ಗೆ ನನ್ನದೇನೂ ತಕರಾರಿಲ್ಲ, ಅದು ಕೇಬಲ್ ಸ್ಟ್ರೀಟ್ ಅಲ್ಲ. ನನ್ನ ತಕರಾರು, ಆ ಒಂದು ಮಧ್ಯಾಹ್ನ ಮೋಸ್ಲಿಯನ್ನು ಮುಗಿಸಿತು ಅನ್ನೋ ನಂಬಿಕೆಯ ಮೇಲೆ. 1937ರ ಅಕ್ಟೋಬರ್‌ನಲ್ಲಿ ಅವನು ದಕ್ಷಿಣ ಲಂಡನ್ನಿನ ಬರ್ಮಂಡ್ಸಿಗೆ ಮೆರವಣಿಗೆ ತಂದ. ಮತ್ತೆ ತಡೆ, ಮತ್ತೆ ಹೊಡೆದಾಟ, ಮತ್ತೆ ನೂರಕ್ಕೂ ಹೆಚ್ಚು ಬಂಧನ. 1939ರ ಜುಲೈನಲ್ಲಿ ಅರ್ಲ್ಸ್ ಕೋರ್ಟ್ ಸಭಾಂಗಣದಲ್ಲಿ ಅವನ ಮಾತು ಕೇಳಲು ಸುಮಾರು ಇಪ್ಪತ್ತು ಸಾವಿರ ಜನ ಕೂತಿದ್ದರು. ಅವನು ನಿಜಕ್ಕೂ ನಿಂತದ್ದು 1940ರ ಮೇ ತಿಂಗಳಲ್ಲಿ. ಯುದ್ಧಕಾಲದ 18ಬಿ ನಿಯಮದಡಿ, ವಿಚಾರಣೆಯೇ ಇಲ್ಲದೆ, ಪೊಲೀಸರು ಹೋಗಿ ಕರೆದುಕೊಂಡು ಬಂದು ಜೈಲಿಗೆ ಹಾಕಿದರು.